ಪರಾರಿ ಎಂದು ಅಚ್ಚಾದವರು

ಚಿತ್ತಾಪುರ
೪-೪-೧೯೪೮

ಚಿ. ವಾಸುದೇವನಿಗೆ ಭಾಮಕ್ಕನ ಆಶೀರ್ವಾದಗಳು.

ನೀನು ಸೊಲ್ಲಾಪುರ ಮುಟ್ಟಿದ್ದು ನಿನ್ನ ಕಾಗದದಿಂದ ತಿಳಿಯಲಿಲ್ಲ, ನಿನ್ನ ಪತ್ರಿಕೆಯಿಂದ ತಿಳಿಯಿತು. ವಾಡಿ ಸ್ಟೇಷನ್ನಿನ ಹಮಾಲ ಸಾಬಣ್ಣ ಮೊನ್ನೆ ಒಂದು ಪ್ರತಿಯನ್ನು ರುಮಾಲಿನ ಮಡಿಕೆಯಲ್ಲಿಟ್ಟು ತಂದ. “ನಿಮ್ಮ ತಮ್ಮಾರು ಇದರಾಗ ಕೆಲಸ ಮಾಡ್ಲಿಕತ್ತಾರಂತ್ರಿ ಬಾಯಾರ” ಅಂದ. ಸಂತೋಷದಿಂದಲೇ ಬಿಚ್ಚಿದೆ. ಮೂರನೆಯ ಪುಟದ ಕೆಳಗೆ ಹೀಗಿತ್ತು:

“ಚಿತ್ತಾಪುರದ ಶಿಕ್ಷಕ ನರಸಿಂಹರಾವ್ ಎಂಬುವರು ಸರ್ಕಾರದ ವಿರುದ್ಧ ಕರಪತ್ರ ಹಂಚಿದ ಆರೋಪದ ಮೇಲೆ ದಸ್ತಗಿರಿಯಾಗಿದ್ದು, ಚೌಕಿಯಿಂದ ಪರಾರಿಯಾಗಿದ್ದಾರೆ.”

‘ಎಂಬುವರು’ ಅಂತೆ. ನಿನಗೆ ಐದು ವರ್ಷ ಲೆಕ್ಕ, ಉರ್ದು, ಇಂಗ್ಲಿಷು ಮೂರನ್ನೂ ಕಲಿಸಿದ ಭಾವ. ಆ ‘ಎಂಬುವರು’ ಬೇಕಾದರೆ ನುಂಗುತ್ತೇನೆ. ಆದರೆ ‘ಪರಾರಿ’ ಯಾರ ಕೈಯಿಂದ ಬಂತು?

ನೀನು ಮಾರ್ಚ್ ಹತ್ತರ ಸಂಜೆ ಗಾಡಿ ಹತ್ತಿದೆ. ಮಾರನೆಯ ಬೆಳಗ್ಗೆ ಎಂಟಕ್ಕೆ ಪೊಲೀಸ್ ಚೌಕಿಯವರು ಬಂದರು. ಜೋಳದ ಚೀಲ ಸುರುವಿದರು, ಕಾಗದದ ಕಟ್ಟು ಬಿತ್ತು. ಇವರು ಆಗಷ್ಟೇ ಸ್ನಾನ ಮುಗಿಸಿ ಧೋತರದ ನಿರಿಗೆ ಹಿಡಿಯುತ್ತಿದ್ದರು. ಕಟ್ಟನ್ನು ನೋಡಿದರು, ನನ್ನ ಮುಖ ನೋಡಿದರು. “ಇದು ನಂದ” ಅಂದರು. ಅಷ್ಟೇ. ಚಪ್ಪಲಿ ಮೆಟ್ಟಿಕೊಂಡು ಹೊಸ್ತಿಲು ದಾಟುವಾಗ, “ಮಜ್ಜಿಗಿ ಮುಚ್ಚಿಡು, ಬೆಕ್ಕು ಬರ್ತದ” ಅಂದರು. ನಾಲ್ಕನೆಯ ದಿನ ಚೌಕಿಯವರು ಬಂದು, ನಿಮ್ಮ ಯಜಮಾನ ಗೋಡೆ ಹಾರಿ ಓಡಿದ ಎಂದು ಹೇಳಿಹೋದರು. ಎಡ ಮಂಡಿಯ ನೋವಿಗೆ ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಲು ಗೋಡೆ ಹಿಡಿಯುವ ಮನುಷ್ಯ ಆಳೆತ್ತರದ ಗೋಡೆ ಹಾರಿದರಂತೆ.

ಆ ಕಟ್ಟು ಯಾರದು ಎಂದು ಇಲ್ಲಿ ಬರೆಯುವುದಿಲ್ಲ. ನನಗೆ ಗೊತ್ತು, ನಿನಗೆ ಗೊತ್ತು.

ಕೂತಲ್ಲಿ ಕೂಡಲಾಗುವುದಿಲ್ಲ, ವಾಸು. ಕಸ ಗುಡಿಸಿದ ಕಡೆಯೇ ಮತ್ತೆ ಗುಡಿಸುತ್ತೇನೆ. ಆ ಒಂದು ಮಾತನ್ನು ತಿದ್ದು.

ನಿನ್ನ ಅಕ್ಕ
ಭಾಮಾ


ಸೊಲ್ಲಾಪುರ
೧೯-೪-೧೯೪೮

ತೀರ್ಥಸ್ವರೂಪಳಾದ ಅಕ್ಕನಿಗೆ ವಾಸುದೇವನ ಸಾಷ್ಟಾಂಗ ನಮಸ್ಕಾರಗಳು.

ಆ ಮಾತು ನನ್ನ ಕೈಯಿಂದಲೇ ಬಂತು. ಸುಳ್ಳು ಹೇಳಿ ಏನು ಪ್ರಯೋಜನ? ಹೈದರಾಬಾದಿನ ಒಂದು ಉರ್ದು ಪತ್ರಿಕೆಯಲ್ಲಿ ಇಪ್ಪತ್ತು ಸಣ್ಣ ಸುದ್ದಿಗಳಿದ್ದವು. ಒಂದಾದ ಮೇಲೊಂದು ಕನ್ನಡಕ್ಕೆ ಇಳಿಸುತ್ತಿದ್ದೆ. ಅಲ್ಲಿ ‘ಫರಾರ’ ಎಂದಿತ್ತು, ಇಲ್ಲಿ ‘ಪರಾರಿ’ ಎಂದು ಬರೆದೆ. ಹೆಸರನ್ನೂ ಊರನ್ನೂ ಬರೆದು ಮುಗಿಸಿದ ಮೇಲೆ ಅದು ನಮ್ಮ ಭಾವ ಎಂದು ಹೊಳೆಯಿತು. ಹೊಳೆದಾಗ ಹಾಳೆ ಅಚ್ಚಿನ ಮನೆಗೆ ಹೋಗಿತ್ತು. ಓಡಿ ಹೋಗಿ ತರಬಹುದಿತ್ತೇನೋ. ಅಬ್ಬ, ಭಾವ ತಪ್ಪಿಸಿಕೊಂಡರಲ್ಲ ಎಂದು ಆ ಘಳಿಗೆಗೆ ಸಮಾಧಾನವೇ ಆಯಿತು.

ನಿನ್ನ ಕಾಗದ ಬಂದ ಮೇಲೆ ಆ ಸಮಾಧಾನ ಉಳಿಯಲಿಲ್ಲ. ಕಚೇರಿಯಲ್ಲಿ ಹಳೆಯ ಪತ್ರಿಕೆಗಳ ಕಟ್ಟುಗಳಿವೆ. ಎಂಟು ದಿನದಿಂದ ಊಟದ ಹೊತ್ತಿನಲ್ಲಿ ಅವನ್ನು ಬಿಚ್ಚಿ ಈ ಒಂದು ಶಬ್ದವನ್ನೇ ಹುಡುಕುತ್ತಿದ್ದೇನೆ. ಕಳ್ಳ ಪರಾರಿ, ಕೊಲೆಗಡುಕ ಪರಾರಿ, ಸರ್ಕಸ್ಸಿನ ಚಿರತೆ ಪರಾರಿ. ಒಂದು ಮಾಸಪತ್ರಿಕೆಯ ಕಥೆಯಲ್ಲಿ ನಾಯಕಿ ನಕ್ಕ ಕೂಡಲೇ ನಾಯಕನ ದುಃಖ ಪರಾರಿಯಾಗುತ್ತದೆ. ಮಕ್ಕಳ ಪುಟದಲ್ಲಿ ರೊಟ್ಟಿ ಕಚ್ಚಿಕೊಂಡು ಇಲಿ ಪರಾರಿ. ಭಾವನವರ ಸುದ್ದಿ ಬಂದ ಪುಟದಲ್ಲೇ, ಪಕ್ಕದ ಅಂಕಣದಲ್ಲಿ, ದಪ್ಪ ಅಕ್ಷರದ ಜಾಹೀರಾತು: “ಒಂದೇ ಗುಳಿಗೆ, ತಲೆನೋವು ಪರಾರಿ!” ಅದನ್ನು ಜೋಡಿಸಿದವನೂ ನಾನೇ.

ಹೈದರಾಬಾದ್ ಸಂಸ್ಥಾನದ ಗಡಿ ದಾಟಿ ಬಂದ ನನ್ನಂಥವರನ್ನು ನಮ್ಮ ಪತ್ರಿಕೆ ‘ನಿರಾಶ್ರಿತರು’ ಅನ್ನುತ್ತದೆ, ಒಮ್ಮೊಮ್ಮೆ ‘ವೀರರು’ ಅಂತಲೂ ಅನ್ನುತ್ತದೆ. ಹೈದರಾಬಾದಿನ ಪತ್ರಿಕೆಗೆ ನಾವು ಪರಾರಿಗಳು. ಒಂದು ಮಾತು ಗಮನಕ್ಕೆ ಬಂತು ಅಕ್ಕಾ. ಸತ್ತರು ಎಂದು ಬರೆಯಲು ಹೆಣ ಬೇಕು. ಸೆರೆಯಲ್ಲಿದ್ದಾರೆ ಎನ್ನಲು ಜೈಲಿನ ಹೆಸರು ಬೇಕು. ಪರಾರಿ ಎಂದು ಬರೆಯಲು ಏನೂ ಬೇಡ. ಮನುಷ್ಯ ಕಾಣದಿದ್ದರೆ ಸಾಕು.

ನಮ್ಮ ಸಂಪಾದಕರು ಕೊಡ್ಲಿ ಊರಿನ ಕಡೆಯವರು, ನಾಗೇಂದ್ರಪ್ಪ ಎಂದು. ತಿದ್ದುಪಡಿ ಹಾಕೋಣ ಎಂದು ಕೇಳಿದೆ. “ಹಾಕೋಣಂತ. ಆದ್ರ ಓಡಿಲ್ಲ ಅಂದ್ರ ಎಲ್ಲಿದ್ದಾರ್ರಿ ಅವರು? ಅದನ್ನ ಮೊದಲ ಹೇಳ್ರಿ” ಅಂದರು.

ನಿನ್ನ
ವಾಸು


ಚಿತ್ತಾಪುರ
೧೪-೫-೧೯೪೮

ಚಿ. ವಾಸುವಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಇಲಿಯ ಮಾತಿದೆ, ಚಿರತೆಯ ಮಾತಿದೆ. ಜೋಳದ ಚೀಲದ ಮಾತಿಲ್ಲ. ಇರಲಿ.

ಅತ್ತೆ ಲಕ್ಷ್ಮೀಬಾಯಿಯವರು ಸೇಡಂನಿಂದ ಬಂದು ನನ್ನ ಜೊತೆಗೇ ಇದ್ದಾರೆ. ಚೈತ್ರಗೌರಿಯ ಅರಿಶಿನ ಕುಂಕುಮಕ್ಕೆ ಎದುರು ಮನೆಯವರು ಕರೆದಿದ್ದರು. ನಾನು ಒಲ್ಲೆ ಎಂದರೂ ಅತ್ತೆ ಎಳೆದುಕೊಂಡು ಹೋದರು. ಎಲ್ಲರಿಗೂ ಕುಂಕುಮ ಹಚ್ಚುತ್ತಾ ಬಂದ ಆ ಮನೆಯಾಕೆಯ ಬೆರಳು ನನ್ನ ಹಣೆಯ ಹತ್ತಿರ ನಿಂತುಬಿಟ್ಟಿತು. ಆಕೆ ಕೆಟ್ಟವಳಲ್ಲ, ಹಚ್ಚಬೇಕೋ ಬೇಡವೋ ಗೊತ್ತಾಗಲಿಲ್ಲ ಅಷ್ಟೇ. ಅತ್ತೆ ಹಿಂದಿನಿಂದ ಜೋರಾಗಿ ಅಂದರು: “ಹಚ್ರಿ, ಯಾಕ ನಿಂತ್ರಿ? ಪತ್ರಿಕ್ಯಾಗ ಬಂದದ. ನನ್ನ ಮಗ ಓಡಿ ಹೋಗ್ಯಾನ. ಓಡಿ ಹೋಗ್ಯಾನ ಅಂದ್ರ ಎಲ್ಲೋ ಇದ್ದಾನ ಅಂತಾತಲ್ಲ.”

ನೀನು ಬರೆದ ಆ ತುಂಡನ್ನು ಅವರು ಕತ್ತರಿಸಿ ದೇವರ ಪೆಟ್ಟಿಗೆಯಲ್ಲಿಟ್ಟಿದ್ದಾರೆ ಎಂದು ನನಗೆ ಆಮೇಲೆ ತಿಳಿಯಿತು. ನಾನು ಅಳಿಸು ಎನ್ನುವ ಮಾತನ್ನು ಅವರು ದಿನಾ ಕೈಮುಗಿದು ಓದುತ್ತಾರೆ.

ಇನ್ನೊಂದು ವಿಷಯ. ಇದನ್ನು ಅತ್ತೆಗೆ ಹೇಳಲಾರೆ, ಎದೆಯಲ್ಲಿಟ್ಟುಕೊಳ್ಳಲೂ ಆರೆ. ಆದ್ದರಿಂದ ನಿನಗೆ. ನಮ್ಮ ಮನೆಗೆ ಕೌದಿ ಹೊಲಿಯಲು ಬರುವ ಜಾನಬಿಯನ್ನು ಬಲ್ಲೆಯಲ್ಲ? ಆಕೆಯ ಗಂಡ ಖಾಜಾಮಿಯಾ ಅದೇ ಚೌಕಿಯಲ್ಲಿ ಜವಾನ. ಮೊನ್ನೆ ಹೊಲಿಯುತ್ತಾ ಹೊಲಿಯುತ್ತಾ ತಲೆ ಎತ್ತದೆ ಅಂದಳು: “ಬಾಯಾರ, ಮಾಸ್ತರ ಓಡಿಲ್ರಿ. ಇಷ್ಟ ಹೇಳ್ತೀನಿ, ಇದರ ಮುಂದ ಕೇಳಬ್ಯಾಡ್ರಿ. ನನ್ನ ಗಂಡ ಎರಡು ತಿಂಗಳಾತು, ಅನ್ನ ಉಣ್ಣವಲ್ಲ.” ಮುಂದೆ ಕೇಳಲಿಲ್ಲ. ಸೂಜಿಗೆ ದಾರ ಪೋಣಿಸಿ ಕೊಟ್ಟೆ.

ಇದನ್ನು ಅಚ್ಚು ಮಾಡಬೇಡ. ನಿನ್ನ ಸಂಪಾದಕರಿಗೂ ಹೇಳಬೇಡ. ಆಣೆ.

ಭಾಮಾ


ಸೊಲ್ಲಾಪುರ
೩೦-೫-೧೯೪೮

ಅಕ್ಕನಿಗೆ ನಮಸ್ಕಾರಗಳು.

ಸಿಟ್ಟಾಗಬೇಡ. ಇದರೊಂದಿಗೆ ಕತ್ತರಿಸಿದ ತುಂಡು ಇಟ್ಟಿದ್ದೇನೆ. ಈ ಸಲ ಮೊದಲ ಪುಟ:

“ಶಿಕ್ಷಕ ನರಸಿಂಹರಾಯರು ಪರಾರಿಯಾಗಿಲ್ಲವೆಂದು ಚೌಕಿಯ ಒಳಗಿನವರಿಂದಲೇ ನಮಗೆ ಖಚಿತವಾಗಿ ತಿಳಿದುಬಂದಿದೆ. ಹಾಗಾದರೆ ಅವರೆಲ್ಲಿ? ಸರ್ಕಾರ ಉತ್ತರಿಸಲಿ.”

ಯಾರ ಹೆಸರನ್ನೂ ಹಾಕಿಲ್ಲ. ಜಾನಬಿಯ ಸುಳಿವು ಸಂಪಾದಕರಿಗೂ ಕೊಟ್ಟಿಲ್ಲ. ನೀನು ಆಣೆ ಹಾಕಿದ್ದೆ, ಗೊತ್ತು. ಆದರೆ ಇಲ್ಲಿ ಕೂತು ದಿನಾ ಮಂದಿಯ ಸುದ್ದಿ ತಿದ್ದುತ್ತಾ ಭಾವನವರ ಹೆಸರಿನ ಮುಂದೆ ಆ ಶಬ್ದ ಬಿಟ್ಟಿರಲು ನನ್ನಿಂದ ಆಗಲಿಲ್ಲ. ಇಷ್ಟಾದರೂ ಮಾಡಿದೆನಲ್ಲ ಎಂದು ಇವತ್ತು ಹೊಟ್ಟೆತುಂಬ ಉಂಡೆ.

ವಾಸು


ಚಿತ್ತಾಪುರ
೨೨-೬-೧೯೪೮

ವಾಸುದೇವನಿಗೆ,

ನಿನ್ನ ಮೊದಲ ಪುಟವನ್ನು ಚೌಕಿಯ ಮೇಲಧಿಕಾರಿ ಅಮೀನ ಕನ್ನಡ ಬಲ್ಲವನೊಬ್ಬನಿಂದ ಎರಡು ಸಲ ಓದಿಸಿದನಂತೆ. “ಒಳಗಿನವರು ಅಂದ್ರ ಯಾರಲೇ?” ಎಂದನಂತೆ. ಒಳಗೆ ಇರುವವರೇ ನಾಲ್ಕು ಜನ. ಅವರಲ್ಲಿ ಒಬ್ಬನ ಹೆಂಡತಿ ಮಾತ್ರ ನಮ್ಮ ಮನೆಗೆ ಬರುತ್ತಾಳೆ.

ಖಾಜಾಮಿಯಾನ ಸೊಂಟದ ಪಟ್ಟಿ ಕಳಚಿ ಕೆಲಸದಿಂದ ತೆಗೆದರು. ಮೂರು ದಿನ ಕೂಡಿಹಾಕಿದರು. ನಾಲ್ಕನೆಯ ದಿನ ಬಿಟ್ಟು, ಮತ್ತೆ ಸೋಮವಾರ ಬಾ ಎಂದರು. ಅವನು ಸೋಮವಾರದ ತನಕ ಕಾಯಲಿಲ್ಲ. ಚಿಂಚೋಳಿಯ ಕಾಡು ಸೇರಿದ್ದಾನೆ ಎನ್ನುತ್ತಾರೆ. ಜಾನಬಿ ಬಂದು ಅರ್ಧ ಹೊಲಿದ ಕೌದಿಯನ್ನು ಕಟ್ಟೆಯ ಮೇಲಿಟ್ಟು ನಿಂತಳು. ಬೈದಿದ್ದರೆ ಚೆನ್ನಾಗಿತ್ತು. “ಮಾಸ್ತರ ಓಡಿಲ್ಲ ಅಂತ ಹೇಳಿದ್ದಕ್ಕ ನನ್ನ ಗಂಡ ಓಡಬೇಕಾತ್ರಿ” ಅಂದಳು. ನಾನು ಕುಂದ್ರು ಎನ್ನಲಿಲ್ಲ. ಆಕೆಯೂ ಕೂಡಲಿಲ್ಲ.

ನೀನು ಯಾರಿಗಾಗಿ ಅಚ್ಚು ಮಾಡಿದೆ? ನನಗಾಗಿಯೋ, ನಿನ್ನ ಊಟ ಸೇರಲೆಂದೋ?

ಇನ್ನು ಬರೆಯಬೇಡ. ಸಾಬಣ್ಣನಿಗೂ ಹೇಳಿದ್ದೇನೆ, ತರಬೇಡ ಎಂದು.

ಭಾಮಾ


ಸೊಲ್ಲಾಪುರ
೫-೧೦-೧೯೪೮

ಅಕ್ಕನಿಗೆ ಸಾಷ್ಟಾಂಗ ನಮಸ್ಕಾರಗಳು.

ಜುಲೈಯಲ್ಲಿ ಎರಡು, ಆಗಸ್ಟಿನಲ್ಲಿ ಒಂದು ಕಾಗದ ಬರೆದೆ. ಮೂರನ್ನೂ ಸಾಬಣ್ಣ ತಿರುಗಿ ಕಳಿಸಿದ. ಈಗ ಹೈದರಾಬಾದಿನ ಹಿಂದಿನ ಸರ್ಕಾರವೇ ಇಲ್ಲ. ಈ ಕಡೆಯ ಫೌಜು ಗಡಿ ದಾಟಿ ಬಂದು ಮೂರು ವಾರವಾಯಿತು. ಇಲ್ಲಿದ್ದ ನಮ್ಮವರೆಲ್ಲ ಗಂಟು ಕಟ್ಟಿ ಊರಿಗೆ ಹೊರಟಿದ್ದಾರೆ. ನಾನು ಹೊರಟಿಲ್ಲ. ಎರಡು ಸಲ ಸ್ಟೇಷನ್ನಿಗೆ ಹೋಗಿ ತಿರುಗಿ ಬಂದೆ.

ನಿನಗೆ ಬೇರೆಯವರಿಂದ ತಿಳಿಯುವ ಮೊದಲು ನಾನೇ ಹೇಳಬೇಕು. ಹಳೆಯ ಚೌಕಿಗಳಲ್ಲಿ ಕೆಲಸಕ್ಕಿದ್ದು ಈಗ ಸಿಗದಿರುವವರ ಪಟ್ಟಿಯೊಂದು ಅಚ್ಚಿಗೆ ಬಂತು. ತಲೆಬರಹ ‘ಪರಾರಿಯಾದವರು’. ಹನ್ನೊಂದನೆಯ ಹೆಸರು ಖಾಜಾಮಿಯಾ, ಚಿತ್ತಾಪುರ. ಕರಡು ತಿದ್ದುವವನು ನಾನು. ಪೆನ್ಸಿಲ್ ಹಿಡಿದು ಆ ಸಾಲಿನ ಮೇಲೆ ಎಷ್ಟು ಹೊತ್ತು ಕೂತೆನೋ. “ಇವ ಅಂಥವಲ್ರಿ” ಎಂದು ಸಂಪಾದಕರಿಗೆ ಹೇಳಿದೆ. “ಅದು ಮೇಲಿಂದ ಬಂದ ಪಟ್ಟಿ. ಒಂದಕ್ಷರ ಬದಲಿ ಮಾಡಂಗಿಲ್ಲ” ಅಂದರು. ಹೆಸರಿನಲ್ಲಿ ‘ಮಿಯಾ’ ಎನ್ನುವುದು ‘ಮಿಯ’ ಎಂದಾಗಿತ್ತು. ದೀರ್ಘ ಹಾಕಿ ಕಳಿಸಿದೆ. ನನ್ನಿಂದ ಆದದ್ದು ಅಷ್ಟೇ.

ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ಉತ್ತರ ಬರೆಯದಿದ್ದರೂ ಓದು.

ವಾಸು


ಚಿತ್ತಾಪುರ
೨೬-೧೦-೧೯೪೮

ಚಿ. ವಾಸುದೇವನಿಗೆ ಆಶೀರ್ವಾದ.

ಬರೆಯುವುದಿಲ್ಲ ಎಂದಿದ್ದೆ. ಬರೆಯಬೇಕಾಗಿದೆ. ಸಾವಧಾನದಿಂದ ಓದು.

ಕಳೆದ ವಾರ ಮಧ್ಯಾಹ್ನ, ಓಣಿಯವರೆಲ್ಲ ಊಟಕ್ಕೆ ಕೂತ ಹೊತ್ತಿನಲ್ಲಿ, ಜಾನಬಿ ಹಿತ್ತಲ ಬಾಗಿಲಿನಿಂದ ಗಂಡನನ್ನು ಕರೆದುಕೊಂಡು ಬಂದಳು. ರಾಜ್ಯ ಬದಲಾಯಿತು, ಇನ್ನು ಭಯವಿಲ್ಲ ಎಂದು ಅವನು ಕಾಡಿನಿಂದ ಬಂದಿದ್ದ. ಬಂದರೆ ಇಲ್ಲಿ ಹಳೆಯ ಸರ್ಕಾರದ ಮಂದಿಯನ್ನು ಬೇರೆಯವರು ಕೋಲು ಹಿಡಿದು ಹುಡುಕುತ್ತಿದ್ದಾರೆ. ಸುತ್ತಲ ಊರುಗಳಲ್ಲಿ ಏನೇನು ನಡೆದಿದೆ ಎಂದು ನಿನ್ನ ಪತ್ರಿಕೆ ಬರೆದಿಲ್ಲ, ನಾನೂ ಬರೆಯಲಾರೆ. ಖಾಜಾಮಿಯಾನ ಮೈಯಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ.

ಅತ್ತೆ ಮಡಿಯಲ್ಲಿದ್ದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಯಾರವ?” ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವನು ನೆಲಕ್ಕೆ ಕೂತು ಹೇಳಲು ಶುರುಮಾಡಿದ. ತಡೆಯಲಾಗಲಿಲ್ಲ. ಏಳು ತಿಂಗಳಿಂದ ಹೊತ್ತಿದ್ದ ಭಾರವನ್ನು ಇಳಿಸಲೆಂದೇ ಬಂದಿದ್ದ.

“ಅಮ್ಮಾರ, ನಿಮ್ಮ ಮಗ ಓಡಿಲ್ರಿ. ಮೂರು ದಿನ ಹೊಡದ್ರು. ಕಾಗದ ಯಾರು ಕೊಟ್ರು ಅಂತ ಕೇಳಿದ್ರು. ನಂದ ನಂದ ಅಂತನ ಅಂದ್ರು. ಮೂರನೇ ದಿನ ಹೊತ್ತು ಮುಳುಗೂ ಮುಂದ ಜೀವ ಹೋತು. ಶಹಾಬಾದ ಹಾದಿಗೆ ಪಾಳು ಬಿದ್ದ ಫರಸಿ ಕಲ್ಲಿನ ಖಣಿ ಅದಲ್ರಿ, ಅಲ್ಲಿ ಇಟ್ಟು ಮ್ಯಾಲ ಕಲ್ಲು ಹೇರಿದ್ರು. ಬಂಡಿ ಹೊಡದಾವ ನಾನ ರೀ. ಅಮೀನಸಾಬ ದಫ್ತರದಾಗ ‘ಫರಾರ’ ಅಂತ ಬರಸಿದ್ರು.”

ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದರು. ಅಳಲಿಲ್ಲ. ಒಂದೇ ಮಾತು ಕೇಳಿದರು: “ನೀರರೆ ಕೊಟ್ಟಿದ್ದೇನು?”

“ಕೊಟ್ಟೀನ್ರಿ. ನನ್ನ ಕೈಲಿಂದನ ಕುಡದ್ರು.”

ಅಷ್ಟರಲ್ಲಿ ಮುಂಬಾಗಿಲು ಬಡಿದರು. ಕೆಳಗಿನ ಓಣಿಯ ಪೀರಪ್ಪ, ಅವನ ಹಿಂದೆ ಐದಾರು ಜನ. ಪೀರಪ್ಪನ ಕೈಯಲ್ಲಿ ನಿನ್ನ ಪತ್ರಿಕೆ. “ಬಾಯಾರ, ಖಾಜ್ಯಾ ಈ ಕಡೆ ಬಂದಾನಂತ. ಪರಾರಿ ಅಂತ ಇದರಾಗ ಬಂದದ ನೋಡ್ರಿ. ಮಾಸ್ತರನ್ನ ಹಿಡಕೊಂಡು ಒಯ್ದವ್ರ ಪೈಕಿ ಅವ. ಕಂಡ್ರ ಬಿಡಂಗಿಲ್ಲ” ಅಂದ. ಅತ್ತೆ ನನ್ನನ್ನು ಸರಿಸಿ ಮುಂದೆ ಹೋದರು. ಮಡಿಯಲ್ಲಿದ್ದವರು ಹೊಸ್ತಿಲಲ್ಲಿ ಅವರಿಗೆ ತಾಗುವಷ್ಟು ಹತ್ತಿರ ನಿಂತರು.

“ಪೀರಪ್ಪ, ಪರಾರಿ ಆದವ ನನ್ನ ಮನ್ಯಾಗ ಯಾವನೂ ಇಲ್ಲಪ್ಪ. ಹೋಗ್ರಿ, ಊಟ ಮಾಡ್ರಿ” ಅಂದರು.

ಹೋದರು. ಅತ್ತೆ ಒಳಗೆ ಬಂದು ದೇವರ ಪೆಟ್ಟಿಗೆಯ ಮುಂದೆ ಕೂತವರು ಸಂಜೆಯ ತನಕ ಏಳಲಿಲ್ಲ. ಎದ್ದ ಮೇಲೆ ಮೊದಲು ಅಂದದ್ದು, “ಆ ಇಬ್ಬರಿಗೂ ಬಡಸು” ಎಂದು.

ಮಾರನೆಯ ಬೆಳಗ್ಗೆ ಹೊಸ ಸರ್ಕಾರದ ಸಾಹೇಬರ ಕಚೇರಿಗೆ ಖಾಜಾಮಿಯಾನನ್ನು ನಾನೇ ಕರೆದುಕೊಂಡು ಹೋದೆ. ಬಜಾರದ ನಡುವೆ ನನ್ನ ಸೆರಗಿನ ಪಕ್ಕದಲ್ಲೇ ನಡೆಸಿದೆ, ಯಾರೂ ಕೈ ಎತ್ತದಿರಲೆಂದು. ಅವನು ಎಲ್ಲ ಹೇಳಿದ. ಸಾಹೇಬರು ನಂಬಲಿಲ್ಲ. ತನ್ನ ತಲೆ ಉಳಿಸಿಕೊಳ್ಳಲು ಕಥೆ ಕಟ್ಟಿದ್ದಾನೆ ಎಂದರು. ಆಗ ಅವನು ಇನ್ನೊಂದು ಮಾತು ಹೇಳಿದ. ಅದನ್ನು ನಮ್ಮ ಮನೆಯಲ್ಲಿ ಹೇಳಿರಲಿಲ್ಲ. ಇದನ್ನು ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು. ನೀರು ಕುಡಿದ ಮೇಲೆ ಇವರು ಅಂದರಂತೆ: “ಕಾಗದ ನಮ್ಮ ವಾಸುಂದು. ನೀ ಯಾರಿಗೂ ಹೇಳಬ್ಯಾಡ. ಭಾಮಾಗ ಇಷ್ಟ ಹೇಳು, ಅವನಿಗೆ ಏನೂ ಅನಬ್ಯಾಡ ಅಂತ.”

ಸಾಹೇಬರು ನನ್ನ ಕಡೆ ತಿರುಗಿ, “ವಾಸು ಯಾರು?” ಅಂದರು. ನಾನು ಹೇಳಲಿಲ್ಲ, ವಾಸು. ಬಾಯಿಗೆ ಬಂದಿತ್ತು, ಹೇಳಲಿಲ್ಲ. ಸಾಹೇಬರು, ಆ ಹೆಸರು ಮಾಸ್ತರರ ಬಾಯಿಂದಲ್ಲದೆ ಇವನಿಗೆ ತಿಳಿಯದು, ಆ ವಾಸು ಬಂದು ಕಾಗದ ತನ್ನದೇ ಎಂದರೆ ಈ ಮನುಷ್ಯನ ಮಾತು ನಿಜವೆಂದು ತಿಳಿಯುತ್ತೇನೆ, ಇಲ್ಲದಿದ್ದರೆ ಕೊಲೆಯ ಮೊಕದ್ದಮೆಯಲ್ಲಿ ಅವನೂ ಒಬ್ಬ ಎಂದರು. ನವೆಂಬರ್ ಹನ್ನೆರಡಕ್ಕೆ ವಿಚಾರಣೆ. ಅಲ್ಲಿಯ ತನಕ ಖಾಜಾಮಿಯಾ ಅವರ ಸೆರೆಯಲ್ಲಿ.

ಇವರ ಮಾತನ್ನು ನಿನಗೆ ಮುಟ್ಟಿಸಿದ್ದೇನೆ. ಏನೂ ಅನ್ನುವುದಿಲ್ಲ. ಉಳಿದದ್ದು ನಿನ್ನದು.

ಭಾಮಾ


ಸೊಲ್ಲಾಪುರ
೫-೧೧-೧೯೪೮

ಅಕ್ಕಾ,

ಮಾರ್ಚ್ ಹತ್ತರ ಆ ಸಂಜೆ ವಾಡಿಯಲ್ಲಿ ಗಾಡಿ ಒಂದು ಗಂಟೆ ತಡವಾಗಿತ್ತು. ಜೋಳದ ಚೀಲದಲ್ಲಿ ಕಟ್ಟು ಉಳಿದಿದೆ ಎಂದು ಅಲ್ಲಿ ಬೆಂಚಿನ ಮೇಲೆ ಕೂತಾಗ ನೆನಪಾಯಿತು. ಸಾಬಣ್ಣ ಎದುರಿಗೇ ಇದ್ದ. “ಅಕ್ಕಗ ಹೇಳು, ಒಲಿಗೆ ಹಾಕಲಿ” ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವನು ಚಿತ್ತಾಪುರಕ್ಕೆ ಹೋದರೆ, ಯಾರಾದರೂ ತಡೆದು ಕೇಳಿದರೆ, ನಾನು ಎಲ್ಲಿದ್ದೇನೆ ಎಂದು ಬಾಯಿಬಿಟ್ಟರೆ ಎಂದು ಯೋಚಿಸುತ್ತಾ ಕೂತೆ. ಗಾಡಿ ಬಂತು. ಹತ್ತಿದೆ.

ಇದನ್ನು ಎಂಟು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ಇವತ್ತು ಸಂಪಾದಕರಿಗೆ ಹೇಳಿದೆ. ಅವರು “ಹೋಗಿ ಬರ್ರಿ” ಅಂದರು.

ಹನ್ನೆರಡಕ್ಕೆ ಬರುತ್ತೇನೆ. ಕಚೇರಿಗೆ ನೇರ ಹೋಗುತ್ತೇನೆ. ನೀನು ಕಾಯಬೇಡ.

ವಾಸು


ಚಿತ್ತಾಪುರ
೨೪-೧೧-೧೯೪೮

ಚಿ. ವಾಸುವಿಗೆ ಆಶೀರ್ವಾದ.

ನೀನು ಸಾಹೇಬರ ಮುಂದೆ ನಿಂತು ಹೇಳಿದ್ದನ್ನೆಲ್ಲ ನಾನು ಬಾಗಿಲ ಆಚೆಯಿಂದ ಕೇಳಿದೆ. ವಾಡಿಯ ಬೆಂಚಿನ ಮಾತನ್ನೂ ನೀನು ಹೇಳಿದೆ. ಅದನ್ನು ಹೇಳು ಎಂದು ಯಾರೂ ಕೇಳಿರಲಿಲ್ಲ. ಖಾಜಾಮಿಯಾ ನಿನ್ನ ಕಾಲು ಮುಟ್ಟಲು ಬಂದಾಗ ನೀನು ಹಿಂದೆ ಸರಿದದ್ದನ್ನೂ ನೋಡಿದೆ. ಆಮೇಲೆ ತಿರುಗಿ ನೋಡಿದರೆ ನೀನಿಲ್ಲ. ಸ್ಟೇಷನ್ನಿಗೆ ಹೋದನೆಂದು ಯಾರೋ ಅಂದರು.

ಖಾಜಾಮಿಯಾನನ್ನು ಬಿಟ್ಟಿದ್ದಾರೆ. ಅಮೀನನನ್ನು ಬೀದರಿನ ಕಡೆ ಹಿಡಿದರಂತೆ. ಮೊನ್ನೆ ಖಣಿಗೆ ಹೋದೆವು. ಖಾಜಾಮಿಯಾ ತೋರಿಸಿದ ಜಾಗದಲ್ಲೇ ಇತ್ತು. ನಾಲ್ಕು ಕಲ್ಲು ಎತ್ತಿದರು. ಅತ್ತೆ ದೂರ ಕೂತಿರಲಿಲ್ಲ, ಅಂಚಿಗೇ ಬಂದು ನಿಂತಿದ್ದರು. ಮನೆಗೆ ಬಂದ ಮೇಲೆ ನನ್ನ ಕುಂಕುಮ ನಾನೇ ಒರೆಸಿಕೊಂಡೆ. ಒರೆಸಲು ಬಂದ ಹೆಂಗಸರನ್ನು ಅತ್ತೆ ಒಳಗೆ ಬಿಡಲಿಲ್ಲ.

ಇವರಿಗೆ ಮಗನಿಲ್ಲ. ಸೇಡಂನಲ್ಲಿ ದಾಯಾದಿಗಳಿದ್ದಾರೆ, ಅವರಲ್ಲಿ ಒಬ್ಬರಿಂದ ಕ್ರಿಯೆ ಮಾಡಿಸೋಣ ಎಂದು ಆಚಾರ್ಯರು ಹೇಳಿದರು. ಅತ್ತೆ ಒಪ್ಪುತ್ತಿಲ್ಲ. ನಿನ್ನೆ ನನ್ನನ್ನು ಕರೆದು ಎದುರಿಗೆ ಕೂಡಿಸಿಕೊಂಡು ಅಂದರು, ಅವರ ಮಾತನ್ನೇ ಬರೆಯುತ್ತೇನೆ:

“ನಿನ್ನ ತಮ್ಮಗ ಬರಿ. ನನ್ನ ಮಗ ಅವನ ಸಲುವಾಗಿ ಬಾಯಿ ಬಿಡಲಿಲ್ಲ. ಅವ ನನ್ನ ಮಗನ ಸಲುವಾಗಿ ಎಳ್ಳು ನೀರು ಬಿಡಲಿ. ಬ್ಯಾರೆ ಯಾರೂ ಬ್ಯಾಡ. ನಾ ಅವನ ಮಾರಿ ನೋಡಬೇಕು.”

ನಿನ್ನ ಮುಖ ನೋಡಿ ಏನು ಹೇಳುತ್ತಾರೋ ನನಗೆ ತಿಳಿಯದು. ಕೇಳಲು ಧೈರ್ಯವಾಗಲಿಲ್ಲ.

ಭಾಮಾ


ಸೊಲ್ಲಾಪುರ
೨೮-೧೧-೧೯೪೮

ಅಕ್ಕನಿಗೆ ನಮಸ್ಕಾರಗಳು.

ಗುರುವಾರ ಬೆಳಗಿನ ಗಾಡಿಗೆ ಬರುತ್ತೇನೆ. ಹದಿಮೂರು ದಿನ ಇರುತ್ತೇನೆ. ತಲೆ ಬೋಳಿಸಲು ಕ್ಷೌರಿಕನಿಗೆ ಹೇಳಿಟ್ಟಿರು.

ವಾಸುದೇವ